ರೆಗೆ ಸಂಗೀತವೂ ಮಟ್ಟಿನ ಪ್ರಶ್ನೆಯೂ

1

ಜಮೈಕಾ ದ್ವೀಪದ ರೆಗೆ ಸಂಗೀತವೆಂದೊಡನೆ ಕನ್ನಡದ ವಿದ್ಯಾವಂತರ ಮನಸ್ಸಿಗೆ ಬರುವುದು ಬಾಬ್ ಮಾರ್ಲಿಯವರ ಹೆಸರು. ಹೆಸರಿಗಿಂತ ಮುನ್ನ ಅವರ ಜಟಾಧಾರಿಯಾದ ಮುಖ. ಠಾಣೆ, ಡೊಂಬಿವಲಿಗಳ ಬೀದಿಯಂಗಡಿಗಳಲ್ಲಿ ತೂಗುವ ಅಂಗಿಗಳ ಮೇಲೂ ಆ ಮುಖವುಂಟು. ಹೀಗೆ ಪರಿಚಿತವಾದ ರೆಗೆಯನ್ನು ಮೆಚ್ಚುವವರು ಸಾಮಾನ್ಯವಾಗಿ ಎರಡು ಕಾರಣಗಳನ್ನು ಕೊಡುತ್ತಾರೆ. ಒಂದು, ಅದರ ಸಾಹಿತ್ಯದಲ್ಲಿರುವ ಪ್ರತಿಭಟನೆ; ಇನ್ನೊಂದು, ಅದರ ಲಯದ ಸುಖ. ಎರಡೂ ಯೋಗ್ಯವಾದ ಕಾರಣಗಳೇ. ಆದರೆ ಈ ಸಂಗೀತದ ಹೊಸತನವೆಲ್ಲ ಇವೆರಡರಲ್ಲಿಯೇ ಮುಗಿಯುವುದಿಲ್ಲ. ಒಂದೇ ವಾದ್ಯಪಾಠದ ಮೇಲೆ ಹಲವು ಕಂಠಗಳು ಹಲವು ವರ್ಷಗಳ ಕಾಲ ಬೇರೆ ಬೇರೆ ಮಾತುಗಳನ್ನು ಕಟ್ಟಿ ಹಾಡುವ ಪದ್ಧತಿ, ಆ ಹಾಡನ್ನು ಬಯಲಿಗೆ ತಂದು ನಿಲ್ಲಿಸಿದ ಧ್ವನಿವರ್ಧಕಗಳ ವ್ಯವಸ್ಥೆ — ಇವುಗಳಲ್ಲಿ ಅದರ ಹೆಚ್ಚಳವಿದೆ. ರೆಗೆಯನ್ನೂ ಅದರ ಸಂತಾನವಾದ ಡಾನ್ಸ್‌ಹಾಲ್ ಹಾಡುಗಾರಿಕೆಯನ್ನೂ ಈ ದೃಷ್ಟಿಯಿಂದ ಪರಿಶೀಲಿಸಿದರೆ ಕನ್ನಡದ ಅಭ್ಯಾಸಿಗೆ ಎರಡು ಲಾಭಗಳುಂಟು. ಆ ಸಂಗೀತಕ್ಕೆ ಸಲ್ಲಬೇಕಾದ ಬೆಲೆ ಸಲ್ಲುತ್ತದೆ. ಜೊತೆಗೆ, ತನ್ನ ಕಿಟಕಿಯ ಕೆಳಗೇ ಕೇಳಿಬರುವ, ಗದ್ದಲವೆಂದು ತಾನು ತಳ್ಳಿಹಾಕಿದ ಹಾಡನ್ನು ಅಳೆಯುವುದಕ್ಕೆ ಒಂದು ಅಳತೆಗೋಲು ದೊರೆಯುತ್ತದೆ.

2

ಜಮೈಕಾ 1962ರ ಆಗಸ್ಟ್ 6ರಂದು ಬ್ರಿಟಿಷರ ಆಳ್ವಿಕೆಯಿಂದ ಸ್ವತಂತ್ರವಾಯಿತು. ಅಲ್ಲಿಯ ಬಹುಸಂಖ್ಯಾತರು ಕಬ್ಬಿನ ತೋಟಗಳಿಗೆ ಗುಲಾಮರಾಗಿ ಒಯ್ಯಲ್ಪಟ್ಟ ಆಫ್ರಿಕದವರ ವಂಶಜರು. ಗುಲಾಮಗಿರಿ ರದ್ದಾದ ಮೇಲೆ, 1845ರಿಂದ, ಭಾರತದ ಕರಾರುಕೂಲಿಗಳೂ ಆ ದ್ವೀಪಕ್ಕೆ ಹೋದರು. ರೆಗೆಯೊಡನೆ ಜಗತ್ತಿನಾದ್ಯಂತ ತಳುಕು ಹಾಕಿಕೊಂಡಿರುವ ‘ಗಾಂಜಾ’ ಎಂಬ ಶಬ್ದ ಅವರೊಡನೆ ಹೋದದ್ದು.

ರಾಜಧಾನಿಯಾದ ಕಿಂಗ್‌ಸ್ಟನ್ನಿನ ಬಡವರಿಗೆ 1950ರ ದಶಕದಲ್ಲಿ ರೇಡಿಯೋ ಕೊಳ್ಳುವುದೇ ಕಷ್ಟವಾಗಿತ್ತು. ವಾದ್ಯವೃಂದದವರಿಗೆ ಹಣ ತೆತ್ತು ಕುಣಿಯುವುದು ದೂರದ ಮಾತು. ಈ ಕೊರತೆಯನ್ನು ತುಂಬಿದ್ದು ‘ಸೌಂಡ್ ಸಿಸ್ಟಮ್’. ಕಪಾಟಿನಷ್ಟು ಎತ್ತರದ ಧ್ವನಿವರ್ಧಕಗಳನ್ನೂ ಗ್ರಾಮಫೋನ್ ಯಂತ್ರವನ್ನೂ ಬಯಲಿನಲ್ಲಿ ಹೂಡಿ, ಅಮೆರಿಕದಿಂದ ತರಿಸಿದ ತಟ್ಟೆಗಳನ್ನು ಹಾಕಿ, ಪ್ರವೇಶಧನದಿಂದಲೂ ಪಾನೀಯಗಳ ಮಾರಾಟದಿಂದಲೂ ಗಳಿಸುವುದು ಅದರ ವ್ಯವಹಾರ. ಡ್ಯೂಕ್ ರೀಡ್, ಕಾಕ್ಸ್‌ಸನ್ ಡಾಡ್, ಪ್ರಿನ್ಸ್ ಬಸ್ಟರ್ ಇದರ ಮೊದಲ ತಲೆಮಾರಿನ ಪ್ರಮುಖರು. ಎದುರಾಳಿಗೆ ಹಾಡಿನ ಗುರುತು ಸಿಗದಿರಲೆಂದು ತಟ್ಟೆಯ ಮೇಲಿನ ಹೆಸರಿನ ಚೀಟಿಯನ್ನು ಕೆರೆದುಹಾಕುವಷ್ಟು ಪೈಪೋಟಿ ಅಲ್ಲಿತ್ತು. ಅಮೆರಿಕದ ಅಭಿರುಚಿ ಬದಲಾಗಿ, ತಮ್ಮ ಜನ ಬಯಸುವ ತಟ್ಟೆಗಳು ದೊರೆಯದಾದಾಗ, ಈ ಧಣಿಗಳು ತಾವೇ ಹಾಡುಗಳನ್ನು ಮುದ್ರಿಸತೊಡಗಿದರು. ಡಾಡ್ ಅವರ ‘ಸ್ಟುಡಿಯೋ ಒನ್’ 1963ರಲ್ಲಿ ತೆರೆಯಿತು. ಅಲ್ಲಿಯೂ ಅಂಥ ಇತರ ಸ್ಟುಡಿಯೋಗಳಲ್ಲಿಯೂ ಬೆಳೆದ ‘ಸ್ಕಾ’ ಎಂಬ ಚುರುಕು ನಡೆಯ ಸಂಗೀತ 1966ರ ಸುಮಾರಿಗೆ ‘ರಾಕ್‌ಸ್ಟೆಡಿ’ಯಾಗಿ ನಿಧಾನಗೊಂಡಿತು, 1968ರಲ್ಲಿ ರೆಗೆಯಾಯಿತು. ಟೂಟ್ಸ್ ಹಿಬರ್ಟ್ ಮತ್ತು ಅವರ ಮೇಟಲ್ಸ್ ತಂಡದವರು ಆ ವರ್ಷ ಹೊರತಂದ ಹಾಡೊಂದರ ಶೀರ್ಷಿಕೆಯಿಂದ ಈ ಹೆಸರು ರೂಢಿಗೆ ಬಂದಿತೆಂಬುದು ಪ್ರಸಿದ್ಧವಾಗಿದೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಕೇಳುವ ಬಯಲು ಮೊದಲು ಹುಟ್ಟಿತು, ಮುದ್ರಣಶಾಲೆ ಅನಂತರ ಬಂದಿತು. ಸಭಾಗೃಹದಲ್ಲಿ ಕುಳಿತು ಕೇಳುವವರಿಗಾಗಿ ಕಟ್ಟಿದ ಸಂಗೀತವಲ್ಲ ಇದು.

ಇದರ ಲಯವನ್ನು ಹಿಂದೂಸ್ತಾನಿ ಸಂಗೀತದ ಪರಿಚಯವುಳ್ಳವರು ಸುಲಭವಾಗಿ ಅರಿಯಬಲ್ಲರು. ತೀನ್‌ತಾಲದಲ್ಲಿ ಗಾಯಕನ ಎಲ್ಲ ಸಂಚಾರವೂ ‘ಸಮ’ಕ್ಕೆ ಬಂದು ಸೇರುತ್ತದೆ; ‘ಖಾಲಿ’ ಆವರ್ತದ ನಡುವೆ ಬರುತ್ತದೆ. ರೆಗೆಯ ‘ಒನ್ ಡ್ರಾಪ್’ ಎಂಬ ನಡೆಯಲ್ಲಿ ನಾಲ್ಕು ಮಾತ್ರೆಗಳ ಪೈಕಿ ಮೊದಲನೆಯದೇ ಖಾಲಿ. ದೊಡ್ಡ ಡೋಲಿನ ಪೆಟ್ಟು ಬೀಳುವುದು ಮೂರನೆಯದರ ಮೇಲೆ. ಎರಡು ಮತ್ತು ನಾಲ್ಕನೆಯ ಮಾತ್ರೆಗಳನ್ನು ಗಿಟಾರು ಮೊಟಕಾಗಿ ಮೀಟಿ ಬಿಡುತ್ತದೆ. ಸಮವಿರಬೇಕಾದ ಕಡೆ ಬರಿದನ್ನು ಇಟ್ಟುದರಿಂದ ಕೇಳುವವನ ದೇಹವೇ ಆ ಸ್ಥಾನವನ್ನು ತುಂಬಬೇಕಾಗುತ್ತದೆ. ಕುಣಿತ ಹುಟ್ಟುವುದು ಅಲ್ಲಿಂದ. ಹಾಡಿನ ಮುಖ್ಯ ಸಂಚಾರವನ್ನು ಮಂದ್ರದ ಬಾಸ್ ಗಿಟಾರು ವಹಿಸುತ್ತದೆ. ಮಾರ್ಲಿಯವರ ತಂಡದಲ್ಲಿ ಡೋಲು ನುಡಿಸಿದ ಕಾರ್ಲ್‌ಟನ್ ಬ್ಯಾರೆಟ್ ಮತ್ತು ಬಾಸ್ ನುಡಿಸಿದ ಆಸ್ಟನ್ ಬ್ಯಾರೆಟ್ ಎಂಬ ಸಹೋದರರು ಈ ಶೈಲಿಯ ಶ್ರೇಷ್ಠ ಪ್ರತಿನಿಧಿಗಳು. ಮಾರ್ಲಿಯವರ ಸಾಹಿತ್ಯವನ್ನು ಕಾಗದದ ಮೇಲೆ ಓದಿ ಬೆಲೆ ಕಟ್ಟುವ ವಿಮರ್ಶಕ ಈ ಸಹೋದರರನ್ನು ಲೆಕ್ಕಕ್ಕೆ ಹಿಡಿದೇ ಇರುವುದಿಲ್ಲ.

3

ಸುಮಾರು 1968ರಲ್ಲಿ ನಡೆದ ಒಂದು ಸಣ್ಣ ಆಕಸ್ಮಿಕ ಈ ಸಂಗೀತದ ದಾರಿಯನ್ನೇ ತಿರುಗಿಸಿತು. ಸ್ಪ್ಯಾನಿಷ್ ಟೌನಿನಲ್ಲಿ ಸೌಂಡ್ ಸಿಸ್ಟಮ್ ನಡೆಸುತ್ತಿದ್ದ ರಡಿ ರೆಡ್‌ವುಡ್ ಅವರಿಗಾಗಿ ಡ್ಯೂಕ್ ರೀಡ್ ಅವರ ಸ್ಟುಡಿಯೋದಲ್ಲಿ ಪ್ಯಾರಗನ್ಸ್ ತಂಡದ ಹಾಡೊಂದರ ತಟ್ಟೆ ಕೊರೆಯುವಾಗ ಗಾಯನದ ಭಾಗ ಬಿಟ್ಟುಹೋಯಿತು. ರೆಡ್‌ವುಡ್ ಆ ಬರಿಯ ವಾದ್ಯಪಾಠವನ್ನೇ ಬಯಲಿನಲ್ಲಿ ಹಾಕಿದರು. ನೆರೆದವರು ತಾವೇ ಹಾಡಿ ಅದನ್ನು ತುಂಬಿದರು. ಅಂದಿನಿಂದ ಹಾಡಿನ ತಟ್ಟೆಯ ಹಿಂಬದಿಯಲ್ಲಿ ಅದರ ವಾದ್ಯಪಾಠವನ್ನು ಮಾತ್ರ ಮುದ್ರಿಸುವ ರೂಢಿ ಬಿದ್ದಿತು. ಅದಕ್ಕೆ ‘ವರ್ಷನ್’ ಎಂದು ಹೆಸರು.

ಈ ಬರಿದಾದ ಪಾಠದಿಂದ ಎರಡು ಕಲೆಗಳು ಹುಟ್ಟಿದವು. ಕಿಂಗ್ ಟಬ್ಬಿ ಎಂದು ಪ್ರಸಿದ್ಧರಾದ ಆಸ್‌ಬರ್ನ್ ರಡಾಕ್ (1941–1989) ಮೂಲತಃ ವಿದ್ಯುದುಪಕರಣಗಳ ದುರಸ್ತಿಗಾರರು. ಅವರು ಧ್ವನಿಮಿಶ್ರಣದ ಯಂತ್ರವನ್ನೇ ವಾದ್ಯವನ್ನಾಗಿ ಬಳಸಿ, ಒಮ್ಮೆ ಡೋಲನ್ನು ಮಾತ್ರ ಉಳಿಸಿ, ಒಮ್ಮೆ ಗಿಟಾರನ್ನು ಪ್ರತಿಧ್ವನಿಯಲ್ಲಿ ಕರಗಿಸಿ, ಮುಗಿದುಹೋದ ಹಾಡಿನಿಂದ ಹೊಸ ಕೃತಿಯನ್ನು ಹೊರತೆಗೆದರು, ಇದು ‘ಡಬ್’. ಇನ್ನೊಂದು ಕಲೆ ಯು-ರಾಯ್ (1942–2021) ಅವರದು. ಅವರು ರೀಡ್ ಅವರ ಹಳೆಯ ವಾದ್ಯಪಾಠಗಳ ಮೇಲೆ ಲಯಬದ್ಧವಾದ ಮಾತನ್ನು ಹೊಂದಿಸಿ 1970ರಲ್ಲಿ ಹೊರತಂದ ತಟ್ಟೆಗಳು ಜಮೈಕಾವನ್ನು ಗೆದ್ದವು. ಹೀಗೆ ಮಾತು ಕಟ್ಟುವವರಿಗೆ ಅಲ್ಲಿ ‘ಡೀಜೇ’ ಎನ್ನುತ್ತಾರೆ. ಠಾಣೆ–ಕಲ್ಯಾಣಗಳಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಇದೇ ಶಬ್ದ ಧ್ವನಿವರ್ಧಕಗಳ ಬಂಡಿಗೆ ಅಂಟಿಕೊಂಡಿದೆ. ಕಿಂಗ್‌ಸ್ಟನ್ನಿನಿಂದ ನ್ಯೂಯಾರ್ಕಿಗೆ ವಲಸೆ ಹೋದ ಕೂಲ್ ಹರ್ಕ್ 1973ರಲ್ಲಿ ಬ್ರಾಂಕ್ಸ್ ಬಡಾವಣೆಯಲ್ಲಿ ನಡೆಸಿದ ಕೂಟಗಳಿಂದ ಹಿಪ್‌ಹಾಪ್ ಬೆಳೆಯಿತು. ಮುಂಬಯಿಯ ಗಲ್ಲಿಗಳ ಇಂದಿನ ರ‍್ಯಾಪ್ ಗಾಯಕರ ವಂಶವೃಕ್ಷದ ಒಂದು ಬೇರು ಹೀಗೆ ಜಮೈಕಾದಲ್ಲಿದೆ.

ಪದೇ ಪದೇ ಬಳಕೆಯಾಗುವ ಇಂಥ ವಾದ್ಯಪಾಠಕ್ಕೆ ಜಮೈಕಾದ ಆಡುಮಾತಿನಲ್ಲಿ ‘ರಿಡಿಮ್’ ಎಂದು ಹೆಸರು. ಸ್ಟುಡಿಯೋ ಒನ್‌ನಲ್ಲಿ 1960ರ ದಶಕದ ಕೊನೆಯ ಭಾಗದಲ್ಲಿ ಮುದ್ರಿತವಾದ ‘ರಿಯಲ್ ರಾಕ್’ ಎಂಬ ರಿಡಿಮ್ ನೂರಾರು ಹಾಡುಗಳಿಗೆ ಆಧಾರವಾಗಿದೆ. ಪಾಶ್ಚಾತ್ಯ ವಿಮರ್ಶೆ ಇದನ್ನು ಮೊದಮೊದಲು ಅನುಕರಣವೆಂದೂ ಕೃತಿಚೌರ್ಯವೆಂದೂ ಬಗೆದು ತೊಡಕಿಗೆ ಸಿಕ್ಕಿತು. ಕನ್ನಡದ ಅಭ್ಯಾಸಿಗೆ ಆ ತೊಡಕು ಬರಬೇಕಾದ್ದಿಲ್ಲ. ‘ಮಟ್ಟು’ ಎಂಬ ಶಬ್ದ ಅವನ ಕೈಯಲ್ಲಿಯೇ ಇದೆ. ಯಕ್ಷಗಾನ ಪ್ರಸಂಗಗಳಲ್ಲಿ ಪದ್ಯಗಳು ನಿಂತಿರುವುದು ಮಟ್ಟುಗಳ ಮೇಲೆ. ತತ್ತ್ವಪದಕಾರರೂ ಲಾವಣಿಕಾರರೂ ಜನಕ್ಕೆ ಪರಿಚಿತವಾದ ಧಾಟಿಯನ್ನು ಹಿಡಿದು ಹೊಸ ಮಾತನ್ನು ಅದರಲ್ಲಿ ಕೂಡಿಸಿದರು. ಧಾಟಿ ಹಳೆಯದಾದಷ್ಟೂ ಅನುಕೂಲವೇ. ಕೇಳುವವನ ಗಮನ ರಾಗದ ಕಡೆಗೆ ಹೋಗದೆ ಮಾತಿನ ಕಡೆಗೆ ಹರಿಯುತ್ತದೆ. ಎರಡು ಸೌಂಡ್ ಸಿಸ್ಟಮ್‌ಗಳು ಎದುರುಬದುರಾಗಿ ನಿಂತು ರಾತ್ರಿಯಿಡೀ ಹೂಡುವ ಸ್ಪರ್ಧೆಗೆ ಅಲ್ಲಿ ‘ಕ್ಲ್ಯಾಷ್’ ಎನ್ನುತ್ತಾರೆ. ಬೆಳಗಾವಿ, ವಿಜಯಪುರ ಸೀಮೆಯ ಹರದೇಶಿ–ನಾಗೇಶಿ ಮೇಳಗಳ ಸವಾಲು ಜವಾಬುಗಳನ್ನು ಕೇಳಿ ಬೆಳೆದವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ.

ಆದರೆ ಒಂದು ಭೇದವನ್ನು ಮರೆಯಬಾರದು. ಲಾವಣಿಯ ಮಟ್ಟಿಗೆ ಒಡೆಯನಿಲ್ಲ. ಅದು ಊರಿನ ಸೊತ್ತು. ರಿಡಿಮ್ ಹಾಗಲ್ಲ, ಅದು ಸ್ಟುಡಿಯೋ ಧಣಿಯ ಆಸ್ತಿ. ನುಡಿಸಿದ ವಾದಕನಿಗೆ ಸಾಮಾನ್ಯವಾಗಿ ಒಮ್ಮೆ ಕೂಲಿ ಕೊಟ್ಟು ಕೈತೊಳೆದುಕೊಂಡರೆ ಸರಿ. ಅದರಿಂದ ಮುಂದೆ ಹುಟ್ಟಿದ ಹಾಡುಗಳ ಆದಾಯದಲ್ಲಿ ಅವನಿಗೆ ಪಾಲು ದೊರೆಯುತ್ತಿದ್ದುದು ವಿರಳ. ಸಿಸ್ಟರ್ ನ್ಯಾನ್ಸಿ 1982ರಲ್ಲಿ ‘ಸ್ಟಾಲಾಗ್’ ಎಂಬ ಹಳೆಯ ರಿಡಿಮ್ ಮೇಲೆ ಹಾಡಿದ ‘ಬ್ಯಾಮ್ ಬ್ಯಾಮ್’ ಜಗತ್ತಿನಾದ್ಯಂತ ಬಳಕೆಯಾಯಿತು. ಆದರೂ ದಶಕಗಳ ಕಾಲ ಅದರ ಹಣ ಆಕೆಯ ಕೈಸೇರಲಿಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲಸಿ ಬ್ಯಾಂಕೊಂದರಲ್ಲಿ ಲೆಕ್ಕಪತ್ರದ ಕೆಲಸ ಮಾಡಿಕೊಂಡು ಆಕೆ ಜೀವನ ಸಾಗಿಸಿದರು. ರೆಗೆಯ ಸಾಮುದಾಯಿಕತೆಯನ್ನು ಕೊಂಡಾಡುವವರು ಈ ಜಮಾಖರ್ಚನ್ನೂ ನೋಡಬೇಕು.

4

ಈ ಹಿನ್ನೆಲೆಯಲ್ಲಿ ಮಾರ್ಲಿಯವರ ಸ್ಥಾನ ಬೇರೆಯೇ ಆಗಿ ತೋರುತ್ತದೆ. ವೇಲರ್ಸ್ ತಂಡದ ‘ಕ್ಯಾಚ್ ಎ ಫೈರ್’ 1973ರಲ್ಲಿ ಪ್ರಕಟವಾಯಿತು. ಜಮೈಕಾದಲ್ಲಿ ಮುದ್ರಿಸಿದ ಹಾಡುಗಳಿಗೆ ಲಂಡನ್ನಿನಲ್ಲಿ, ನಿರ್ಮಾಪಕ ಕ್ರಿಸ್ ಬ್ಲ್ಯಾಕ್‌ವೆಲ್ ಅವರ ಇಚ್ಛೆಯಂತೆ, ರಾಕ್ ಸಂಗೀತದ ಕೇಳುಗರಿಗೆ ಒಗ್ಗುವ ಗಿಟಾರು ಮೊದಲಾದವುಗಳನ್ನು ಕೂಡಿಸಲಾಯಿತು. ಬಯಲಿನ ಸಂಗೀತ ಮನೆಯೊಳಗಿನ ಧ್ವನಿಮುದ್ರಿಕೆಯಾದದ್ದು ಹೀಗೆ. ಪೀಟರ್ ಟಾಶ್ ಮತ್ತು ಬನ್ನಿ ವೇಲರ್ ತಂಡವನ್ನು ಬಿಟ್ಟರು. ಮಾರ್ಲಿ 36ನೆಯ ವಯಸ್ಸಿನಲ್ಲಿ, 1981ರ ಮೇ 11ರಂದು ತೀರಿಕೊಂಡರು. ಅವರ ಹಾಡುಗಳ ಹಿಂದೆ ರಾಸ್ತಫಾರಿ ಪಂಥದ ದರ್ಶನವಿದೆ. ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿಯಲ್ಲಿ ದೈವವನ್ನು ಕಂಡು, ತಾವಿರುವ ನಾಡನ್ನು ಬೈಬಲ್ಲಿನ ಬ್ಯಾಬಿಲೋನೆಂದು, ಅಂದರೆ ಸೆರೆಯ ನಾಡೆಂದು, ಬಗೆದವರ ಪಂಥ ಅದು. ಅದರ ನೋವನ್ನು ಲೋಕಭಾಷೆಗೆ ತಂದದ್ದು ಮಾರ್ಲಿಯವರ ಸಾಧನೆ, ಅದು ಸಣ್ಣದಲ್ಲ. ಆದರೆ ಅವರು ಪರಂಪರೆಯ ಶಿಖರವೇ ಹೊರತು ಪರಂಪರೆಯ ಅಳತೆಯಲ್ಲ.

ವಲಸಿಗರ ದೃಷ್ಟಿಯಿಂದ ಅವರಿಗಿಂತಲೂ ಹೆಚ್ಚು ಆಸಕ್ತಿಯಿಂದ ನೋಡಬೇಕಾದವರು ಲಿಂಟನ್ ಕ್ವೇಸಿ ಜಾನ್ಸನ್. 1952ರಲ್ಲಿ ಜಮೈಕಾದಲ್ಲಿ ಹುಟ್ಟಿ, 1963ರಲ್ಲಿ ಲಂಡನ್ನಿಗೆ ಹೋದ ಈ ಕವಿ ಅಲ್ಲಿಯ ಕೂಲಿಕಾರರ ಮಕ್ಕಳ ಬದುಕನ್ನು ಜಮೈಕಾದ ಆಡುಮಾತಿನಲ್ಲಿಯೇ, ಡಬ್ ಲಯದ ಮೇಲೆ, ಬರೆದರು. ವಿದ್ಯಾವಂತರು ಕೆಟ್ಟ ಇಂಗ್ಲಿಷೆಂದು ಹೀಗಳೆಯುತ್ತಿದ್ದ ನುಡಿ ಅದು. ಲೂಯಿಸ್ ಬೆನೆಟ್ ಅದರಲ್ಲಿ ಮೊದಲೇ ಕಾವ್ಯ ರಚಿಸಿ ದಾರಿ ತೋರಿದ್ದರು. ಜಾನ್ಸನ್ ಅವರ ಕವಿತೆಗಳು 2002ರಲ್ಲಿ ಪೆಂಗ್ವಿನ್ ಪ್ರಕಾಶನದ ಆಧುನಿಕ ಅಭಿಜಾತ ಗ್ರಂಥಮಾಲೆಯಲ್ಲಿ ಪ್ರಕಟವಾದವು. ಪರನಾಡಿನಲ್ಲಿ ಭಾಷೆಯನ್ನು ಉಳಿಸಿಕೊಳ್ಳುವುದೆಂದರೆ ಅದರ ಶಿಷ್ಟರೂಪವನ್ನು ಕಾಪಾಡುವುದೆಂದೇ ತಿಳಿದವರಿಗೆ ಈ ಉದಾಹರಣೆ ಯೋಚನೆಗೆ ಹಚ್ಚುವಂಥದು.

ಇತ್ತ ಜಮೈಕಾದಲ್ಲಿ 1980ರ ದಶಕ ಡಾನ್ಸ್‌ಹಾಲಿನದಾಯಿತು. ಚರ್ಮದ ಬಣ್ಣವಿಲ್ಲದೆ ಹುಟ್ಟಿ, ಅನಾಥಾಲಯಗಳಲ್ಲಿ ಬೆಳೆದು, ಎಲ್ಲರ ಹಾಸ್ಯಕ್ಕೆ ಗುರಿಯಾಗಿದ್ದ ಯೆಲ್ಲೋಮನ್ ತಮ್ಮ ದೇಹವನ್ನೇ ಹಾಡಿನ ವಸ್ತುವಾಗಿಸಿಕೊಂಡು ಆ ಕಾಲದ ನಾಯಕರಾದರು. 1985ರಲ್ಲಿ ಕಿಂಗ್ ಜ್ಯಾಮಿ ನಿರ್ಮಿಸಿ ವೇಯ್ನ್ ಸ್ಮಿತ್ ಹಾಡಿದ ‘ಸ್ಲೆಂಗ್ ಟೆಂಗ್’ನೊಡನೆ ಗಣಕ ಯುಗ ಕಾಲಿಟ್ಟಿತು. ಅದರ ರಿಡಿಮ್ ಜಪಾನಿನ ಕ್ಯಾಸಿಯೋ ಕಂಪನಿಯ ಅಗ್ಗದ ಕೀಬೋರ್ಡೊಂದರಲ್ಲಿ ಮೊದಲೇ ಅಡಕವಾಗಿದ್ದ ಲಯ. ಅದನ್ನು ಕಟ್ಟಿದವರು ಆ ಕಂಪನಿಯ ಉದ್ಯೋಗಿಯಾದ ಒಕುದಾ ಹಿರೋಕೊ ಎಂಬ ಮಹಿಳೆ. ವಾದ್ಯವೃಂದವನ್ನು ಕೂಡಿಸಲಾರದವರೂ ಅಲ್ಲಿಂದ ಮುಂದೆ ರಿಡಿಮ್ ಕಟ್ಟಬಲ್ಲವರಾದರು. ಶಬ್ಬಾ ರ‍್ಯಾಂಕ್ಸ್, ಬೂಜು ಬಾಂಟನ್, ಲೇಡಿ ಸಾ, ಮುಂದೆ ಶಾನ್ ಪಾಲ್ — ಇವರೆಲ್ಲ ಈ ತೆರೆದ ಬಾಗಿಲಿನಿಂದ ಬಂದವರು. ಬರ್ಮಿಂಗ್‌ಹ್ಯಾಮಿನ ಪಂಜಾಬಿ ಮನೆತನದಲ್ಲಿ ಹುಟ್ಟಿದ ಸ್ಟೀವನ್ ಕಪೂರ್ ‘ಅಪಾಚೆ ಇಂಡಿಯನ್’ ಎಂಬ ಹೆಸರಿನಿಂದ ಇದೇ ಶೈಲಿಯಲ್ಲಿ ಹಾಡಿ, 1993ರ ಸುಮಾರಿಗೆ ಭಾರತದ ಕೇಳುಗರಿಗೆ ಡಾನ್ಸ್‌ಹಾಲಿನ ರುಚಿ ತೋರಿದರು.

ಡಾನ್ಸ್‌ಹಾಲನ್ನು ಅಶ್ಲೀಲವೆಂದು ಜಮೈಕಾದ ಶಿಷ್ಟವರ್ಗ ಖಂಡಿಸಿತು. ಅದಕ್ಕೆ ಅಲ್ಲಿಯ ಪ್ರಾಧ್ಯಾಪಕಿ ಕೆರೊಲಿನ್ ಕೂಪರ್ 1993ರ ತಮ್ಮ ಗ್ರಂಥದಲ್ಲಿ ಉತ್ತರ ಕೊಟ್ಟು, ಶಿಷ್ಟರು ಹೊಲಸೆಂದ ಮಾತಿನಲ್ಲಿ ಕೆಳವರ್ಗದ, ವಿಶೇಷವಾಗಿ ಹೆಂಗಸರ, ದಿಟ್ಟತನವನ್ನು ಗುರುತಿಸಿದರು. ಗಂಡಸರ ಬಡಾಯಿಗೆ ಅದೇ ಮಟ್ಟಿನಲ್ಲಿ ಜವಾಬು ಕೊಟ್ಟ ಲೇಡಿ ಸಾ ಅವರ ಹಾಡುಗಾರಿಕೆ ಈ ಮಾತಿಗೆ ಪುಷ್ಟಿ ಕೊಡುತ್ತದೆ. ಆದರೆ ಈ ಸಮರ್ಥನೆಗೂ ಮೇರೆಯುಂಟು. ಬೂಜು ಬಾಂಟನ್ 1992ರಲ್ಲಿ ಹೊರತಂದ ಹಾಡೊಂದು ಸಲಿಂಗಪ್ರೇಮಿಗಳ ಕೊಲೆಯನ್ನು ಹೊಗಳುವಂತಿತ್ತು. 2019ರಲ್ಲಿ ಅವರೇ ಅದನ್ನು ಕೈಬಿಟ್ಟರು. ತುಳಿತಕ್ಕೊಳಗಾದವರ ಕಲೆಯೆಂಬ ಕಾರಣದಿಂದ ಅದು ಇನ್ನೊಬ್ಬರನ್ನು ತುಳಿಯುವುದನ್ನು ಕ್ಷಮಿಸಲಾಗದು. ಅಶ್ಲೀಲತೆ ಬೇರೆ, ಕ್ರೌರ್ಯ ಬೇರೆ. ಇವೆರಡನ್ನೂ ಒಂದೇ ಬುಟ್ಟಿಗೆ ಹಾಕಿದ್ದು ಶಿಷ್ಟರ ತಪ್ಪು, ಎರಡನ್ನೂ ಒಟ್ಟಿಗೇ ಎತ್ತಿಹಿಡಿದದ್ದು ಕೆಲವು ಸಮರ್ಥಕರ ತಪ್ಪು.

5

ಉಲ್ಹಾಸ ನದಿಯ ದಡದ ಕಲ್ಯಾಣಕ್ಕೂ ಶರಣರ ಕಲ್ಯಾಣಕ್ಕೂ ಹೆಸರಿನ ಹೊರತು ನಂಟಿಲ್ಲ. ಆದರೆ ಬಯಲಿನ ಹಾಡಿನ ಇತಿಹಾಸದಲ್ಲಿ ಈ ಕಲ್ಯಾಣಕ್ಕೂ ಒಂದು ಸ್ಥಾನವಿದೆ. ಮರಾಠಿಯ ಪ್ರಖ್ಯಾತ ಗಾಯಕರಾದ ಪ್ರಲ್ಹಾದ ಶಿಂದೆ (1933–2004) ಬಾಳಿದ ಊರು ಇದು. ವಿಠ್ಠಲನ ಭಕ್ತಿಗೀತೆ, ಕವ್ವಾಲಿ, ಅಂಬೇಡ್ಕರರನ್ನು ಸ್ತುತಿಸುವ ಭೀಮಗೀತೆ — ಮೂರನ್ನೂ ಅವರ ಒಂದೇ ಕಂಠ ಹಾಡಿತು. ಅವರ ಮಕ್ಕಳಾದ ಆನಂದ ಮತ್ತು ಮಿಲಿಂದ ಶಿಂದೆ ಕ್ಯಾಸೆಟ್ಟುಗಳ ಕಾಲದಲ್ಲಿ ಮನೆಮಾತಾದರು. ಮೊಮ್ಮಗ ಆದರ್ಶ ಶಿಂದೆ ಇಂದಿನ ಚಿತ್ರಗಾಯಕರು. ವಾಮನದಾದಾ ಕರ್ಡಕ್ ಮೊದಲಾದ ಕವಿಗಳ ಭೀಮಗೀತೆಗಳು ಏಪ್ರಿಲ್ 14ರ ಮೆರವಣಿಗೆಗಳಲ್ಲಿ ಧ್ವನಿವರ್ಧಕಗಳಿಂದ ಹೊಮ್ಮುತ್ತವೆ. ಪರಿಚಿತ ಧಾಟಿಯನ್ನು, ಕೆಲವೊಮ್ಮೆ ಸಿನಿಮಾ ಧಾಟಿಯನ್ನೂ, ಹಿಡಿದು ಹೊಸ ಮಾತು ಕಟ್ಟುವುದು ಈ ಪ್ರಕಾರದಲ್ಲಿ ಸಾಮಾನ್ಯ. ಆಕಾಶವಾಣಿಯ ಅಭಿರುಚಿಯಿಂದ ಹೊರಗುಳಿದವರ ಹಾಡನ್ನು ಅಗ್ಗದ ಯಂತ್ರವೊಂದು ಬಯಲಿಗೆ ತಂದಿತೆಂಬ ಅಂಶದಲ್ಲಿ ಕಿಂಗ್‌ಸ್ಟನ್ನಿಗೂ ಕಲ್ಯಾಣಕ್ಕೂ ಸಾಮ್ಯವಿದೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಇದರ ಅರ್ಥವಲ್ಲ. ಕನ್ನಡದಲ್ಲಿಯೂ ಸಿದ್ಧಲಿಂಗಯ್ಯನವರ ಹಾಡುಗಳು ದಲಿತ ಚಳವಳಿಯ ಸಭೆಗಳಲ್ಲಿ ಬೆಳೆದ ಬಗೆ ಇದಕ್ಕೆ ಹತ್ತಿರವಾದದ್ದು. ಇತ್ತೀಚೆಗೆ ಕೆ. ಪಿ. ಲಕ್ಷ್ಮಣ್ ಅವರ ನಿರ್ದೇಶನದಲ್ಲಿ ಜಂಗಮ ಕಲೆಕ್ಟಿವ್ ತಂಡದವರು ರಂಗಕ್ಕೆ ತಂದ ನಾಟಕಕ್ಕೆ ‘ಬಾಬ್ ಮಾರ್ಲಿ ಫ್ರಮ್ ಕೋಡಿಹಳ್ಳಿ’ ಎಂಬ ಹೆಸರಿಟ್ಟದ್ದು ಈ ಬಂಧುತ್ವವನ್ನು ಗುರುತಿಸಿದ್ದರ ಸಾಕ್ಷಿ.

ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಮುಂಬಯಿ, ಠಾಣೆ, ನವಿ ಮುಂಬಯಿಗಳ ಕಟ್ಟಡದ ಕೆಲಸಕ್ಕೆ ಬರುವ ಕನ್ನಡ ಕೂಲಿಕಾರರ ಮೊಬೈಲಿನಲ್ಲಿ ಕೇಳಿಬರುವುದು ಸುಗಮ ಸಂಗೀತವಲ್ಲ. ಉತ್ತರ ಕರ್ನಾಟಕದ ಜಾತ್ರೆ ಮೆರವಣಿಗೆಗಳಲ್ಲಿ ಮೊಳಗುವ ‘ಜಾನಪದ ಡಿಜೆ’ ಹಾಡುಗಳು. ಮಾಳು ನಿಪನಾಳ, ಬಾಳು ಬೆಳಗುಂದಿ ಮೊದಲಾದವರು ಹಾಡಿದವು. ಗಣಕದಲ್ಲಿ ಕಟ್ಟಿದ ಲಯ, ಊರಿನ ಆಡುನುಡಿ, ಚಾಲಕನ, ಒಕ್ಕಲಿಗನ, ಕೂಲಿಕಾರನ ಪ್ರೇಮ, ನಡುನಡುವೆ ಎರಡರ್ಥದ ಮಾತು: ಡಾನ್ಸ್‌ಹಾಲಿನ ಲಕ್ಷಣಗಳೆಲ್ಲ ಇಲ್ಲಿವೆ. ಹೆಸರಿನಲ್ಲಿ ಜಾನಪದವೆಂದಿದ್ದರೂ ಜಾನಪದದ ಸಂಗ್ರಾಹಕರು ಇವುಗಳ ಕಡೆಗೆ ಸಾಮಾನ್ಯವಾಗಿ ತಿರುಗಿ ನೋಡುವುದಿಲ್ಲ. ಬೀಸುವ ಕಲ್ಲಿನ ಹಾಡನ್ನು ಅಚ್ಚುಕಟ್ಟಾಗಿ ಸಂಗ್ರಹಿಸಿ, ಆ ಕಲ್ಲನ್ನು ಬೀಸಿದವಳ ಮೊಮ್ಮಗ ಹಾಡುವುದನ್ನು ಭ್ರಷ್ಟವೆಂದು ಬಿಡುವುದು ಶಾಸ್ತ್ರಸಮ್ಮತವೆನಿಸದು. ಜಮೈಕಾದ ರೆಗೆ 2018ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಸ್ವಂತ ನಾಡಿನ ಶಿಷ್ಟರು ಮೂಗು ಮುರಿದ ಸಂಗೀತಕ್ಕೆ ಅರ್ಧ ಶತಮಾನದ ಮೇಲೆ ಸಂದ ಮನ್ನಣೆ ಅದು.

ಹಾಗೆಂದು ಧ್ವನಿವರ್ಧಕದ ಪೀಡೆಯನ್ನೆಲ್ಲ ಕಲೆಯ ಹೆಸರಿನಲ್ಲಿ ಸಹಿಸಬೇಕೆಂದಲ್ಲ. ಜಮೈಕಾ 1997ರಲ್ಲಿ ಶಬ್ದನಿಯಂತ್ರಣ ಕಾನೂನನ್ನು ಮಾಡಿತು. ಭಾರತದ 2000ದ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರ ವರೆಗೆ ಧ್ವನಿವರ್ಧಕಗಳನ್ನು ನಿರ್ಬಂಧಿಸುತ್ತವೆ. ರೋಗಿಗೂ ವಿದ್ಯಾರ್ಥಿಗೂ ನಿದ್ದೆಯ ಹಕ್ಕುಂಟು. ಆದರೆ ಸದ್ದಿನ ಪ್ರಮಾಣ ಪೊಲೀಸರ ವಿಷಯ. ಹಾಡಿನ ಗುಣ ವಿಮರ್ಶಕನ ವಿಷಯ. ಮೊದಲನೆಯದರ ಮೇಲಿನ ಸಿಟ್ಟಿನಿಂದ ಎರಡನೆಯದರ ತೀರ್ಪನ್ನು ಬರೆಯುವುದು ವಿಮರ್ಶೆಯಲ್ಲ. ಕ್ರೌರ್ಯವಿದ್ದ ಕಡೆ ಕ್ರೌರ್ಯವೆನ್ನಬೇಕು, ಜಾಣ್ಮೆಯಿದ್ದ ಕಡೆ ಜಾಣ್ಮೆಯೆನ್ನಬೇಕು. ಅದಕ್ಕೆ ಮೊದಲು ಕೇಳಬೇಕು.

ಈ ಕೆಲಸಕ್ಕೆ ಹೊರನಾಡ ಕನ್ನಡ ಸಂಘಗಳಿಗಿರುವ ಅನುಕೂಲ ಒಳನಾಡಿನ ಎಷ್ಟೋ ಸಂಸ್ಥೆಗಳಿಗಿಲ್ಲ. ಹಲವು ಜಿಲ್ಲೆಗಳ ಹಾಡು ಇಲ್ಲಿಯ ಒಂದೇ ಕಟ್ಟಡದ ಕೆಳಗೆ ಸೇರಿರುತ್ತದೆ; ಪಕ್ಕದಲ್ಲಿಯೇ ಮರಾಠಿಯ ಭೀಮಗೀತೆಯೂ ಕೇಳುತ್ತದೆ. ಮಟ್ಟು ಯಾವುದು, ಮಾತು ಕಟ್ಟಿದವರು ಯಾರು, ಲಯ ಕಟ್ಟಿದವರು ಯಾರು, ಹಾಡಿದವರು ಯಾರು, ಹಣ ಯಾರ ಕೈ ಸೇರಿತು — ಈ ಐದು ಪ್ರಶ್ನೆಗಳನ್ನು ಇಟ್ಟುಕೊಂಡು ಹಾಡುಗಳನ್ನು ಸಂಗ್ರಹಿಸಿದರೂ ಸಾಕು, ಮುಂದಿನ ಅಭ್ಯಾಸಿಗೆ ಭದ್ರವಾದ ಆಧಾರ ದೊರೆತೀತು. ಹಾಡಿದವರೂ ಕಟ್ಟಿದವರೂ ಬದುಕಿರುವಾಗಲೇ ಆಗಬೇಕಾದ ಕೆಲಸವಿದು. ಸಿಸ್ಟರ್ ನ್ಯಾನ್ಸಿಯವರಿಗೆ ಅವರ ಹಾಡಿನ ಲೆಕ್ಕ ಸಿಕ್ಕುವುದಕ್ಕೆ ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತೆಂಬುದನ್ನು ನೆನೆದರೆ ತಡಮಾಡುವುದು ತರವಲ್ಲ.